ಗಿಂಡಿಯ ನೀರು

ವಿಮಲಾ ಗಂಗಾಜಲದ ತಾಮ್ರದ ಗಿಂಡಿಯನ್ನು ಉದ್ಧರಣೆಗೆ ಬಗ್ಗಿಸುತ್ತಿದ್ದಂತೆ ಗಂಡನ ಲ್ಯಾಬಿನ ಸಹಾಯಕಿ ಸೆಲಿನ್ ಬಂದು ಅವರ ಮಣಿಕಟ್ಟು ಹಿಡಿದುಕೊಂಡಳು.

“ಅಕ್ಕಾ, ಸ್ವಲ್ಪ ನಿಲ್ಲಿ. ನಿಮ್ಮತ್ರ ಒಂದು ಮಾತು ಹೇಳ್ಲಿಕ್ಕುಂಟು.”

ರಿವರ್‌ಸೈಡ್ ಬಡಾವಣೆಯ ಫ್ಲ್ಯಾಟಿನ ಹಾಲಿನಲ್ಲಿ ದ್ವಾರಕಾನಾಥ್ ಚಾಪೆಯ ಮೇಲೆ ಮಲಗಿದ್ದರು. ಮೂವತ್ತು ವರ್ಷ ನೈರೋಬಿಯ ತೊರೆ, ಬೋರ್‌ವೆಲ್, ಟ್ಯಾಂಕರುಗಳ ನೀರು ಸೋಸಿ, ಅದರಲ್ಲಿ ಅಡಗಿದ ಪರಾವಲಂಬಿಗಳನ್ನು ಡಿಎನ್‌ಎ ಹಿಡಿದು ಪತ್ತೆಹಚ್ಚಿದ ಮನುಷ್ಯ. ಮದುವೆಮನೆಯಲ್ಲೂ ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಬೀಗರ ಮುಖ ಸಪ್ಪೆಯಾಗುವಂತೆ ಮಾಡಿದವರು. ಹೆಂಡತಿಯ ಕೈಯಿಂದ ಬಾಯಿಗೆ ಗಂಗೆ ಬಿದ್ದರೆ ದೇಹ ಸ್ಮಶಾನಕ್ಕೆ ಹೊರಡಬೇಕಿತ್ತು.

“ಅಮ್ಮಾ, ಡ್ರೈವರ್ ಈಸ್ ವೇಟಿಂಗ್,” ಎಂದಳು ಮಗಳು ಜಾಹ್ನವಿ.

“ಕಾಯ್ಲಿ ಬಿಡು. ಏನು ಸೆಲಿನ್?”

“ಅದರಲ್ಲಿ ಗಂಗೆ ಇಲ್ಲ ಅಕ್ಕಾ.”

*

ಮೂರು ವರ್ಷದ ಹಿಂದೆ ವಿಮಲಾರಿಗೆ ಕೀಮೋ ನಡೆಯುತ್ತಿತ್ತು. ಅಪ್ಪ ಕಾಶಿಯಿಂದ ತಂದುಕೊಟ್ಟ ಗಿಂಡಿಯಿಂದ ದಿನಾ ಒಂದು ಉದ್ಧರಣೆ ಕುಡಿಯದೆ ಅವರು ಮಾತ್ರೆ ಮುಟ್ಟುತ್ತಿರಲಿಲ್ಲ. ದ್ವಾರಕಾನಾಥ್ ಆ ನೀರನ್ನು ಕದ್ದು ಲ್ಯಾಬಿಗೆ ತಂದರು. ಯಂತ್ರದ ಪರದೆಯ ಮೇಲೆ ಗೆರೆ ಮೇಲೇರಿತು. ಗಂಗೆಯದೋ ಗಿಂಡಿಯದೋ, ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಯಂತೂ ಇತ್ತು. ಗಟ್ಟಿ ಜನಕ್ಕೆ ನಾಲ್ಕು ದಿನದ ಭೇದಿ. ಕೀಮೋದವರಿಗೆ ಪ್ರಾಣಕ್ಕೇ ಸಂಚಕಾರ.

“ಅದು ಸತ್ತದ್ದಾ, ಬದುಕಿದ್ದಾ, ಈ ಟೆಸ್ಟಿಗೆ ಗೊತ್ತಾಗುದಿಲ್ಲ ಸರ್,” ಎಂದಳು ಸೆಲಿನ್.

“ಗೊತ್ತಾಗೋವರೆಗೂ ಅವಳು ಕುಡೀತಾನೇ ಇರ್ಬೇಕಾ? ಬೇಡ ಅಂದ್ರೆ ಮಾತ್ರೇನೂ ಬಿಟ್ಬಿಡ್ತಾಳೆ.”

ಮಾವ ಹೊತ್ತು ತಂದದ್ದನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಬಾಟಲಿಗೆ ಸುರಿದು ಲ್ಯಾಬಿನ ಫ್ರಿಜ್ಜಿನಲ್ಲಿಟ್ಟರು. ಗಿಂಡಿಗೆ ನಲ್ಲಿಯ ನೀರನ್ನು ಕುದಿಸಿ, ಆರಿಸಿ ತುಂಬಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ ಒಂದು ವಾರ ಹೆಂಡತಿಗೆ ಮುಖ ಕೊಟ್ಟು ಮಾತಾಡಲಿಲ್ಲ.

*

ಸೆಲಿನ್ ಬ್ಯಾಗಿನಿಂದ ಬಾಟಲಿ ತೆಗೆದಳು. ಚೀಟಿಯಲ್ಲಿ ದ್ವಾರಕಾನಾಥರ ಅಕ್ಷರ: ‘ವಿಮಲಾಳದು. ಚೆಲ್ಲಬಾರದು.’

“ಗಂಗೆ ಇದು ಅಕ್ಕಾ. ಗಿಂಡಿಗೆ ವಾರವಾರ ಅವರೇ ತುಂಬಿಸ್ತಿದ್ರು.”

ವಿಮಲಾ ಗಿಂಡಿಯನ್ನೇ ನೋಡಿದರು. “ಮೂರು ವರ್ಷ ಕುಡಿದ್ರೂ ಖಾಲಿ ಆಗ್ಲಿಲ್ಲ. ಗಂಗಮ್ಮನ ಮಹಿಮೆ ಅಂತ ಇವರ ಹತ್ರಾನೇ ಹೇಳ್ತಿದ್ದೆ. ಹೂಂ ಅಂತಿದ್ರು, ಕಳ್ಳ.” ನಗಲು ಹೋಗಿ ಅತ್ತುಬಿಟ್ಟರು.

“ಸರ್ ಇದ್ದಿದ್ರೆ ಇದನ್ನ ಯಾರ ಬಾಯಿಗೂ ಹಾಕ್ಲಿಕ್ಕೆ ಬಿಡ್ತಿರ್ಲಿಲ್ಲ.”

“ಕೊಡು ಇಲ್ಲಿ. ಇನ್ನು ಅವರ ಹೊಟ್ಟೆ ಕೆಡೋದಿಲ್ಲ.”

ಮೂರು ಉದ್ಧರಣೆ ಗಂಗೆಯನ್ನು ಗಂಡನ ಬಾಯಿಗೆ ಬಿಟ್ಟು, ತುಟಿಯ ಅಂಚನ್ನು ಸೆರಗಿನಿಂದ ಒರೆಸಿದರು. ಆಮೇಲೆ ಗಿಂಡಿ ಎತ್ತಿಕೊಂಡರು. ದೇಹ ಹೊರಡುವ ಮುಂಚೆ ಮನೆಯವರು ಗುಟುಕು ನೀರೂ ಮುಟ್ಟಬಾರದೆಂದು ಪುರೋಹಿತರು ಗೊಣಗಿದರು. ವಿಮಲಾ ಒಂದೇ ಉಸಿರಿಗೆ ಕುಡಿದು, ಗಿಂಡಿಯನ್ನು ಅಂಗೈ ಮೇಲೆ ಬೋರಲು ಹಿಡಿದು, ಕೊನೆಯ ಹನಿ ಬೀಳುವವರೆಗೂ ಹಾಗೇ ಕೂತಿದ್ದರು.