ಶನಿವಾರದ ಸಹಿ

ಗುಮಾಸ್ತ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಯಜಮಾನರ ಬಲಗೈಯ ಉಗುರುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದ. ಅಂಟು ಬಿಡುತ್ತಿರಲಿಲ್ಲ. ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಹಾಕಿದ ಕೈ ಅದು. ಉಸಿರು ನಿಂತ ಮಾತ್ರಕ್ಕೆ ಅಂಟು ಬಿಟ್ಟೀತೆ?

“ಬಿಡಪ್ಪ, ಅದು ಹೋಗಲ್ಲ,” ಎಂದರು ಗೋಡೆಗೆ ಒರಗಿ ಕೂತಿದ್ದ ಯಜಮಾನರ ಹೆಂಡತಿ. “ಮದುವೆ ದಿನಾನೂ ಹೀಗೇ ಇತ್ತು. ಹುಡುಗ ಕೈ ತೊಳ್ಕೊಂಡೇ ಬಂದಿಲ್ಲ ಅಂತ ನಮ್ಮಮ್ಮ ಮುಖ ಸಿಂಡರಿಸಿದ್ರು.”

“ಚೂರು ಹೋಗುತ್ತಮ್ಮ.”

“ಬೇಡ. ಇರ್ಲಿ ಅದು.”

ಗುಮಾಸ್ತ ಬಟ್ಟೆ ಹಿಂಡಿ ಪಕ್ಕಕ್ಕಿಟ್ಟ. ಎರಡು ವರ್ಷದಿಂದ ಆ ಕೈ ನಡುಗುತ್ತಿತ್ತು. ಲೋಟ ಹಿಡಿದರೆ ಚಹಾ ಚೆಲ್ಲುತ್ತಿತ್ತು. ಸೂಜಿಗೆ ದಾರ ಪೋಣಿಸಲು ಇನ್ನೊಬ್ಬರು ಬೇಕಾಗಿತ್ತು. ಈಗ ಅದು ಸುಮ್ಮನೆ ಬಿದ್ದಿತ್ತು.

ಮನೆ ಮೇಲೆ, ಬೈಂಡಿಂಗ್ ಅಂಗಡಿ ಕೆಳಗೆ. ಅಂಗಡಿಯ ಆರು ಜನ ಕೆಲಸಗಾರರೂ ಜೈಲಿನಿಂದ ಬಂದವರು. ಗುಮಾಸ್ತ ಎಲ್ಲರಿಗಿಂತ ಹಳಬ, ಇಲ್ಲಿಗೆ ಬಂದು ಹನ್ನೆರಡು ವರ್ಷ. ಹಿಂದೆ ಒಂದು ಕಚೇರಿಯಲ್ಲಿ ನಿಜವಾಗಿಯೂ ಗುಮಾಸ್ತನಾಗಿದ್ದ. ಮೇಲಧಿಕಾರಿಗಳ ಸಹಿಯನ್ನು ಅವರಿಗಿಂತ ಚೆನ್ನಾಗಿ ಹಾಕಿ ಒಳಗೆ ಹೋಗಿದ್ದ.

ಮೆಟ್ಟಿಲ ಬಳಿ ಎದುರಂಗಡಿಯ ದರ್ಜಿ ಯಾರನ್ನೋ ಕೇಳುತ್ತಿದ್ದ. “ಹೊರೋರು ಯಾರಂತೆ?”

“ಕೆಲಸದವರೇ.”

“ಆರೂ ಜನ ಒಳಗಿದ್ದು ಬಂದೋರೇ ಅಲ್ವಾ?”

“ಅದಕ್ಕೇನೀಗ? ಹೊತ್ಕೊಂಡು ಓಡಿಹೋಗ್ತಾರಾ?”

ಅವರ ಪಕ್ಕದಿಂದ ನುಸುಳಿಕೊಂಡು ಹೊಸಬ ಒಳಗೆ ಬಂದ. ಬಂದು ನಾಲ್ಕು ತಿಂಗಳಾಗಿದ್ದರೂ ಅವನು ಹೊಸಬನೇ. ಇನ್ನೊಬ್ಬ ಬರುವ ತನಕ ಆ ಹೆಸರು ಕಳಚುವುದಿಲ್ಲ. ಮೂವತ್ತೈದರ ಗಟ್ಟಿಮುಟ್ಟಾದ ಆಳು, ಬೆಳಗಿನಿಂದ ಮೂಲೆಯಿಂದ ಮೂಲೆಗೆ ಓಡಾಡುತ್ತಿದ್ದ.

“ಅಣ್ಣಾ,” ಎಂದು ಗುಮಾಸ್ತನ ಕಿವಿಯ ಹತ್ತಿರ ಬಗ್ಗಿದ, “ಇವತ್ತು ಶನಿವಾರ.”

ಗುಮಾಸ್ತನಿಗೆ ಅಷ್ಟೇ ಸಾಕಾಯಿತು. ಎರಡು ವರ್ಷದ ಶಿಕ್ಷೆ ಬಾಕಿಯಿರುವಾಗಲೇ ಹೊಸಬನನ್ನು ಷರತ್ತಿನ ಮೇಲೆ ಬಿಟ್ಟಿದ್ದರು. ಅವನ ಬಳಿ ಒಂದು ಕಾರ್ಡು. ಅದರಲ್ಲಿ ಪ್ರತಿ ಶನಿವಾರದ ತಾರೀಖು ಅಚ್ಚಾಗಿದೆ. ಕೆಲಸ ಕೊಟ್ಟವರು ಅದರೆದುರು ಸಹಿ ಹಾಕಬೇಕು, ಸಂಜೆ ನಾಲ್ಕರೊಳಗೆ ಅದನ್ನು ನಿಗಾ ಕಚೇರಿಯಲ್ಲಿ ತೋರಿಸಬೇಕು. ಒಂದು ವಾರ ತಪ್ಪಿದರೂ ಮತ್ತೆ ಒಳಗೆ.

“ಯಜಮಾನರು ಹೋದ್ರು ಅಂತ ಹೇಳಿದ್ರೆ?” ಎಂದು ಹೊಸಬ ಕೇಳಿದ.

“ಹೇಳಿದ್ರೆ ಯಾರು ಕೇಳ್ತಾರೋ? ಕೇಳೋ ಹಾಗಿದ್ರೆ ನಾವೆಲ್ಲ ಇಲ್ಲಿ ಯಾಕಿರ್ತಿದ್ವಿ?” ಗುಮಾಸ್ತ ಎದ್ದ. “ಕೊಡು ಇಲ್ಲಿ.”

ಅಂಗಡಿಗಿಳಿದು, ರಟ್ಟು ಕತ್ತರಿಸುವ ಮೇಜಿನ ಮೇಲೆ ಕಾರ್ಡು ಇಟ್ಟು, ಒಂದು ಕ್ಷಣ ಕಣ್ಣು ಮುಚ್ಚಿದ. ಆಮೇಲೆ ಕೈ ತಾನಾಗಿ ಓಡಿತು.

“ನಾಲ್ಕಕ್ಕೆ ಮುಂಚೆ ತೋರಿಸಿ ಬಂದ್ಬಿಡು. ಸೋಮವಾರ ಅವರಿಗೆ ಗೊತ್ತಾದ್ರೆ ಆಗ ನೋಡ್ಕೊಳ್ಳೋಣ.”

*

ಹನ್ನೆರಡು ವರ್ಷದ ಹಿಂದೆ ಇದೇ ಮೇಜಿನ ಎದುರು ಗುಮಾಸ್ತ ಕೈಕಟ್ಟಿ ನಿಂತಿದ್ದ. ಜೈಲಿನಲ್ಲೂ ಅವನು ಬೈಂಡಿಂಗ್ ಕೆಲಸವನ್ನೇ ಕಲಿತಿದ್ದ. ಅಲ್ಲಿ ಸಂಜೆ ಸೂಜಿ, ಕತ್ತರಿ, ಚಾಕು ಎಲ್ಲ ಎಣಿಸಿ ಒಳಗಿಡುತ್ತಿದ್ದರು. ಒಂದು ಸೂಜಿ ಕಡಿಮೆಯಾದರೆ ಐವತ್ತು ಜನರ ಬಟ್ಟೆ ಬಿಚ್ಚಿಸುತ್ತಿದ್ದರು.

ಯಜಮಾನರು ಅವನ ಹೆಸರನ್ನೂ ಕೇಳಲಿಲ್ಲ. ರಟ್ಟು ಕೊಯ್ಯುವ ಚಾಕುವನ್ನು ಅವನ ಕೈಗಿತ್ತರು. ಕುರ್ಚಿ ತಿರುಗಿಸಿ, ಅವನಿಗೆ ಬೆನ್ನು ಹಾಕಿ ಕೂತು ಹೊಲಿಯತೊಡಗಿದರು. ಹಾಗೆ ಒಂದು ಗಂಟೆ. ಬಂದ ಪ್ರತಿಯೊಬ್ಬನಿಗೂ ಮೊದಲ ದಿನ ಹಾಗೆಯೇ.

“ಅಷ್ಟು ಧೈರ್ಯ ಎಲ್ಲಿಂದ ಬರುತ್ತಮ್ಮ ಅವರಿಗೆ?” ಎಂದು ಗುಮಾಸ್ತ ಒಮ್ಮೆ ಅವರ ಹೆಂಡತಿಯನ್ನು ಕೇಳಿದ್ದ.

“ಧೈರ್ಯವೂ ಇಲ್ಲ, ಎಂಥದ್ದೂ ಇಲ್ಲ. ಹೊಸಬರು ಬಂದ ದಿನ ಅಂಗಿ ಬೆವರಲ್ಲಿ ತೊಯ್ದು ತೊಪ್ಪೆ ಆಗಿರುತ್ತೆ. ಒಗೆಯೋಳಿಗೆ ಗೊತ್ತಿಲ್ವಾ?”

ಗುಮಾಸ್ತನ ಮೊದಲ ಸಂಜೆ ಯಜಮಾನರು ಆಡಿದ್ದು ಒಂದೇ ಮಾತು. “ನಿನ್ನ ಕೈ ಚೆನ್ನಾಗಿದೆ. ಅದರಲ್ಲಿ ಇನ್ನೊಬ್ಬರ ಸಹಿ ಮಾತ್ರ ಹಾಕಬೇಡಪ್ಪ.” ಗುಮಾಸ್ತ ತಲೆಯಾಡಿಸಿದ್ದ. ಇವತ್ತಿನ ತನಕ ಆ ಮಾತು ಮುರಿದಿರಲಿಲ್ಲ.

*

ಎರಡು ಗಂಟೆಗೆ ಶವಪೆಟ್ಟಿಗೆಯನ್ನು ಕೆಳಗಿಳಿಸಿ ಅಂಗಡಿಯ ನಡುವೆ ಇಟ್ಟರು. ಆಗ ಬಾಗಿಲಲ್ಲಿ ಸ್ಕೂಟರ್ ನಿಂತಿತು. ಬಂದವರು ನಿಗಾ ಅಧಿಕಾರಿ. ಹೊಸಬನ ಮುಖ ಸುಣ್ಣದಂತಾಯಿತು.

ಅಧಿಕಾರಿ ಚಪ್ಪಲಿ ಹೊರಗೆ ಬಿಟ್ಟು ಬಂದು, ಪೆಟ್ಟಿಗೆಯ ಮುಂದೆ ತಲೆತಗ್ಗಿಸಿ ಬಹಳ ಹೊತ್ತು ನಿಂತರು. ಇಪ್ಪತ್ತು ವರ್ಷದ ಪರಿಚಯ. ಅವರ ಕಚೇರಿಯ ರಿಜಿಸ್ಟರುಗಳಿಗೆ ರಟ್ಟು ಬೀಳುತ್ತಿದ್ದುದೂ ಇಲ್ಲಿಯೇ.

“ನಮ್ಮ ಜವಾನ ಬೆಳಿಗ್ಗೆ ರಿಜಿಸ್ಟರ್ ತಗೊಂಡು ಹೋಗೋಕೆ ಬಂದಿದ್ದ,” ಎಂದರು ಯಜಮಾನರ ಹೆಂಡತಿಗೆ. “ಬಾಗಿಲಿನ ಚೀಟಿ ನೋಡಿ ಬಂದು ಹೇಳಿದ. ನಿನ್ನೆ ಸಂಜೆಯೇ ಹೋದರಂತಲ್ಲಮ್ಮ.”

ಚೀಟಿಯನ್ನು ಬರೆದು ಅಂಟಿಸಿದ್ದವನು ಗುಮಾಸ್ತನೇ. ದಿನ, ಗಂಟೆ ಎಲ್ಲ ಹಾಕಿ, ದುಂಡಗಿನ ಅಕ್ಷರದಲ್ಲಿ. ಆ ಚೀಟಿಯೇ ಇವತ್ತಿನ ಸಹಿಯನ್ನು ಸುಳ್ಳು ಮಾಡುತ್ತದೆ ಎಂದು ಇಷ್ಟು ಬುದ್ಧಿವಂತನಿಗೆ ಹೊಳೆದಿರಲಿಲ್ಲ.

ಅಧಿಕಾರಿ ಹೊಸಬನತ್ತ ತಿರುಗಿದರು. “ನೀನೂ ಹೆಗಲು ಕೊಡಬೇಕಲ್ಲಪ್ಪ, ಇವತ್ತು ಆಫೀಸಿನ ತನಕ ಬರೋದು ಬೇಡ. ಕಾರ್ಡ್ ಕೊಡು. ಮಾಲೀಕರು ತೀರಿಕೊಂಡಿದ್ದಾರೆ, ಈ ವಾರ ಸಹಿ ಇಲ್ಲ ಅಂತ ನಾನೇ ಬರೆದುಕೊಡ್ತೀನಿ.”

ಹೊಸಬನ ಕೈ ಜೇಬಿನ ಮೇಲೆ ಹೋಗಿ ಅಲ್ಲೇ ಅಂಟಿಕೊಂಡಿತು. “ರೂಮಲ್ಲಿ ಬಿಟ್ಟು ಬಂದಿದೀನಿ ಸಾರ್.”

“ಜೇಬಲ್ಲೇ ಕಾಣ್ತಿದೆಯಲ್ಲೋ. ಹೆದರ್ಬೇಡ,” ಎಂದು ಅವರೇ ಅದನ್ನು ಮೆಲ್ಲಗೆ ಎಳೆದುಕೊಂಡರು.

ಕಾರ್ಡಿನಲ್ಲಿ ಹದಿನೇಳು ಸಹಿಗಳು, ನೀರು ಬಿದ್ದು ಚದುರಿದ ಇರುವೆ ಸಾಲಿನಂತೆ ನಡುಗುತ್ತಿದ್ದವು. ಹದಿನೆಂಟನೆಯದು, ಇವತ್ತಿನದು, ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿತ್ತು.

ಅಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಯಾರು ಹಾಕಿದ್ದು ಇದನ್ನ?”

“ನಾನೇ ಸಾರ್,” ಎಂದ ಹೊಸಬ.

“ಅವನಿಗೆ ತನ್ನ ಹೆಸರೇ ಬರೆಯೋಕೆ ಬರಲ್ಲ ಸಾಹೇಬ್ರೇ,” ಗುಮಾಸ್ತ ಮುಂದೆ ಬಂದ. “ನಾನು ಹಾಕಿದ್ದು.”

“ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲಯ್ಯಾ! ಸಾವಿನ ಮನೆ ಅಂದ್ರೆ ನಾನು ಬೇಡ ಅಂತಿದ್ನಾ?”

ಫೋನು ಮಾಡಬಹುದು ಎನ್ನುವುದು ಆರು ಜನರಲ್ಲಿ ಒಬ್ಬರಿಗೂ ತೋಚಿರಲಿಲ್ಲ. ಹೇಳಿದ್ದನ್ನು ನಂಬುವವರು ಅವರಿಗಿದ್ದದ್ದು ಒಬ್ಬರೇ, ಅವರು ಪೆಟ್ಟಿಗೆಯಲ್ಲಿದ್ದರು.

“ಅದೂ ಹೋಗ್ಲಿ,” ಅಧಿಕಾರಿಯ ದನಿ ಸಿಟ್ಟಿನಿಂದಲೋ ದುಃಖದಿಂದಲೋ ಒಡೆಯಿತು. “ನೀನು ಪಳಗಿದೋನು. ಮೇಲಿನ ಸಹಿ ನೋಡ್ಕೊಂಡು ಹಾಕೋಕಾಗ್ಲಿಲ್ವಾ?”

“ಆಗ್ತಿತ್ತು.” ಗುಮಾಸ್ತ ನೆಲ ನೋಡಿದ. “ಆ ನಡುಕಾನ ಬರೆಯೋಕೆ ಮನಸ್ಸು ಬರ್ಲಿಲ್ಲ ಸಾಹೇಬ್ರೇ. ನನ್ನ ಕಾರ್ಡಿಗೆ ಹಿಂದೆ ಹೇಗೆ ಹಾಕ್ತಿದ್ರೋ ಹಾಗೇ ಹಾಕ್ಬಿಟ್ಟೆ.”

ಯಜಮಾನರ ಹೆಂಡತಿ ಕೈ ಚಾಚಿದರು. ಅಧಿಕಾರಿ ಕಾರ್ಡು ಕೊಟ್ಟರು. ಆಕೆಗೆ ಓದು ಬರದು. ಗಂಡನ ಸಹಿಯನ್ನು ಮಾತ್ರ ಮನೆಯ ಗೋಡೆಯಷ್ಟೇ ಚೆನ್ನಾಗಿ ಬಲ್ಲರು. ಆ ಹದಿನೆಂಟನೆಯದರ ಮೇಲೆ ಬೆರಳಾಡಿಸಿದರು. ನಿನ್ನೆಯಿಂದ ಒಂದು ಹನಿ ಕಣ್ಣೀರೂ ಹಾಕದವರು ಈಗ ಬಿಕ್ಕಿ ಬಿಕ್ಕಿ ಅತ್ತರು.

“ನಾನು ಹಾಕಿದ್ದು ಅಂತ ಬರ್ಕೊಳಿ ಸಾಹೇಬ್ರೇ,” ಎಂದರು ಕೊನೆಗೆ.

“ನೀವು ಹೆಬ್ಬೆಟ್ಟು ಒತ್ತೋದು ನನಗೆ ಗೊತ್ತಿಲ್ವೇನಮ್ಮ?”

“ನೋಡ್ಲಿಲ್ಲ ಅಂದ್ಕೊಂಡ್ಬಿಡಿ.”

ಅಧಿಕಾರಿ ರಟ್ಟಿನ ಕಟ್ಟಿನ ಮೇಲೆ ಕುಸಿದು ಕೂತರು. “ಈ ಕಾರ್ಡು ನನ್ನ ಹತ್ರ ನಿಲ್ಲಲ್ಲಮ್ಮ, ಮೇಲೆ ಹೋಗುತ್ತೆ. ಸತ್ತ ಮರುದಿನದ ಸಹಿ ಯಾರ ಕಣ್ಣಿಗಾದ್ರೂ ಬೀಳುತ್ತೆ. ಆಗ ಮೊದಲು ಒಳಗೆ ಹೋಗೋನು ಈ ಹೊಸ ಹುಡುಗ.” ಗುಮಾಸ್ತನತ್ತ ತಿರುಗಿದರು. “ಇವನಿಗೆ ಏನೂ ಗೊತ್ತಿರಲಿಲ್ಲ ಅಂತ ಬರೀತೀನಿ. ಹಾಗೆ ಬರೆದ್ರೆ ನಿನ್ನ ಹೆಸರೂ ಬರೀಬೇಕಾಗುತ್ತೆ. ಎರಡನೇ ಸಲ ಇದು. ಕೋರ್ಟು ಬಿಡಲ್ಲ.”

“ಬರೀರಿ.”

“ಅಣ್ಣಾ, ಬೇಡಣ್ಣ,” ಹೊಸಬ ಅವನ ತೋಳು ಹಿಡಿದ.

“ಸುಮ್ನಿರು. ಮುಂದಿನ ಶನಿವಾರದೊಳಗೆ ಅಮ್ಮನ ಹೆಬ್ಬೆಟ್ಟು ನಡೆಯೋ ಹಾಗೆ ಅರ್ಜಿ ಕೊಡಿ. ಸಾಹೇಬ್ರು ಹೇಳ್ಕೊಡ್ತಾರೆ.”

ಅಧಿಕಾರಿ ಎದ್ದರು. “ಮಣ್ಣು ಮುಗೀಲಿ. ನಾನು ಸ್ಮಶಾನದ ಗೇಟಿನ ಹತ್ರ ಇರ್ತೀನಿ.”

*

ಆರು ಜನರೂ ಹೊತ್ತರು. ದಾರಿಯುದ್ದಕ್ಕೂ ಯಾರೂ ಹೆಗಲು ಬದಲಾಯಿಸಲಿಲ್ಲ. ದರ್ಜಿ ಅಂಗಡಿ ಮುಚ್ಚಿ ಹಿಂದೆ ಬಂದ. ಗುಂಡಿ ಮುಚ್ಚಿದ ಮೇಲೆ ಹೊಸಬ ಮಣ್ಣನ್ನು ಅಂಗೈಯಿಂದ ತಟ್ಟಿ ತಟ್ಟಿ ಸಮ ಮಾಡುತ್ತಲೇ ಇದ್ದ. ಸಾಕು ಬಾ ಎಂದು ಇಬ್ಬರು ಎಬ್ಬಿಸಬೇಕಾಯಿತು.

ಬಾಗಿಲ ಪಕ್ಕದ ಕೋಣೆಯಲ್ಲಿ ಸ್ಮಶಾನದ ಕಾವಲುಗಾರ ದೊಡ್ಡದೊಂದು ರಿಜಿಸ್ಟರ್ ಬಿಚ್ಚಿಟ್ಟುಕೊಂಡಿದ್ದ.

“ಮನೆಯವರು ಯಾರು? ಒಂದು ಸಹಿ ಬೇಕು.”

ಯಜಮಾನರ ಹೆಂಡತಿ ಗುಮಾಸ್ತನ ಬೆನ್ನಿನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದರು. “ಇವನು ಹಾಕ್ತಾನೆ.”

“ಅವರಿಗೆ ಏನಾಗ್ಬೇಕು ನೀವು?”

ಗುಮಾಸ್ತ ತಿರುಗಿ ನೋಡಿದ. ಗೇಟಿನ ಬಳಿ ಅಧಿಕಾರಿ ಸ್ಕೂಟರಿಗೆ ಒರಗಿ ನಿಂತು ರಸ್ತೆ ನೋಡುತ್ತಿದ್ದರು.

“ಮನೆಯವನು ಅಂತ ಬರ್ಕೊಳಪ್ಪ. ಅಷ್ಟು ಸಾಲ್ದಾ?” ಎಂದರು ಆಕೆ.

ಗುಮಾಸ್ತ ಪೆನ್ನು ತೆಗೆದುಕೊಂಡ. ಎಷ್ಟೋ ಜನರ ಸಹಿಗಳನ್ನು ಕಣ್ಣು ಮುಚ್ಚಿ ಹಾಕಬಲ್ಲವನು ತನ್ನದನ್ನು ಎಂದೂ ರೂಢಿ ಮಾಡಿಕೊಂಡಿರಲಿಲ್ಲ. ಮೊದಲ ಅಕ್ಷರ ಗೆರೆಯ ಮೇಲೆ ಕೂತಿತು. ಎರಡನೆಯದು ಕೆಳಕ್ಕೆ ಜಾರಿತು. ಅವನು ಇನ್ನಷ್ಟು ಬಗ್ಗಿ, ನಾಲಿಗೆ ಕಚ್ಚಿಕೊಂಡು, ಮೂರನೆಯದನ್ನು ಒತ್ತಿ ಒತ್ತಿ ಬರೆದ. ಕಾವಲುಗಾರ ಮುಂದಿನವರನ್ನು ಕರೆದ. ಗೇಟಿನಲ್ಲಿ ಸ್ಕೂಟರ್ ಶುರುವಾಯಿತು. ಅವನು ಒಂದನೇ ತರಗತಿಯ ಮಗುವಿನಂತೆ, ತನ್ನ ಹೆಸರಿನ ಕೊನೆಯ ಅಕ್ಷರವನ್ನು ಇನ್ನೂ ತಿದ್ದುತ್ತಿದ್ದ.