ಒಂಬತ್ತು ದನ ಸತ್ತ ಮನೆ

“ಸ್ವಾಮೀ, ಇಷ್ಟೊತ್ತಿಗೆ ಹುರುಳಿಯಾದ್ರೂ ಬೆಂದಿರೋದು. ಸೂಜಿ ಇನ್ನೂ ಬೆಂದಿಲ್ವಾ?”

ಕಾಂಪೌಂಡರ್ ಮುನಿಶಾಮಪ್ಪ ಬಾಗಿಲಿಗೆ ಒರಗಿ ಕೇಳಿದಾಗ ರಾಮಕೃಷ್ಣಪ್ಪ ಗಡಿಯಾರ ನೋಡಿದ. ಸೂಜಿಗಳನ್ನು ಕುದಿಯಲು ಇಟ್ಟು ಒಂದು ಗಂಟೆಯಾಗಿತ್ತು. ಇಪ್ಪತ್ತು ನಿಮಿಷ ಸಾಕು ಎಂದು ಅವನಿಗೆ ಗೊತ್ತಿತ್ತು. ಮದರಾಸಿನ ಪಶುವೈದ್ಯ ಕಾಲೇಜಿನಲ್ಲಿ ಅದನ್ನು ಓದಿ ತೇರ್ಗಡೆಯಾದವನು ಅವನು. ಆದರೂ ಇಪ್ಪತ್ತು ನಿಮಿಷವಾದಾಗ ಮತ್ತೆ ನೀರು ಸುರಿದಿದ್ದ, ನಲವತ್ತಾದಾಗ ಇನ್ನೊಮ್ಮೆ ಸುರಿದಿದ್ದ. ಈಗ ಪಾತ್ರೆಯ ತಳದಲ್ಲಿ ನೀರು ಬತ್ತಿ, ಸೂಜಿಗಳು ಬರಿದೇ ಕಿಣಿಗುಡುತ್ತಿದ್ದವು.

“ಆರಿಸಿಬಿಡಿ,” ಎಂದ ಅವನು.

ಮುನಿಶಾಮಪ್ಪ ಪಾತ್ರೆಯ ಕೆಳಗಿನ ಸ್ಪಿರಿಟ್ ದೀಪ ಆರಿಸಿದ. ಡಾಕ್ಟರ ಕೈ ನೋಡಿದ. ಕಾರ್ಬಾಲಿಕ್ ಸೋಪಿನಲ್ಲಿ ತೊಳೆದೂ ತೊಳೆದೂ ಬೆರಳ ಸಂದಿಯ ಚರ್ಮ ಸುಲಿದಿತ್ತು.

ತಳಿ ಊರಿಗೆ ಹೋಗುವ ರಸ್ತೆಯ ಪಕ್ಕದ ಆ ದನದ ಆಸ್ಪತ್ರೆ ಎಂದರೆ ಎರಡು ಕೋಣೆ, ಒಂದು ಜಗಲಿ, ಎತ್ತು ಕಟ್ಟಿ ನಿಲ್ಲಿಸುವ ಮರದ ಚೌಕಟ್ಟು. ಹಿಂದಿನ ಕೋಣೆಯಲ್ಲೇ ರಾಮಕೃಷ್ಣಪ್ಪನ ವಾಸ. ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಅವನು ಸರಿಯಾಗಿ ಉಂಡು ಹದಿನೈದು ದಿನವಾಗಿದ್ದನ್ನು ಕಂಡವನು ಮುನಿಶಾಮಪ್ಪ ಒಬ್ಬನೇ.

ಆಗಿದ್ದಿಷ್ಟು. ವರ್ಷದ ಮೊದಲ ಉಳುಮೆಗೆ ರೈತರು ಕಾಯುವ ಭರಣಿ ಮಳೆಯ ಹೊತ್ತಿಗೆ ಗುಡ್ಡದಾಚೆ ದನಗಳಿಗೆ ದೊಡ್ಡರೋಗ ಬಂತೆಂದು ಸುದ್ದಿ ಬಂದಿತ್ತು. ಬಾಯಿ ಹುಣ್ಣಾಗಿ, ಭೇದಿಯಾಗಿ, ಕೊಟ್ಟಿಗೆಗೆ ಕೊಟ್ಟಿಗೆಯನ್ನೇ ಬರಿದು ಮಾಡುವ ರೋಗ. ಐಸಿನ ಪೆಟ್ಟಿಗೆಯಲ್ಲಿ ಸೂಜಿಮದ್ದು ತರಿಸಿ, ಸಾನಮಾವು ಕಾಡಿನಂಚಿನ ಕೆಂಚೇಪಲ್ಲಿಯಲ್ಲಿ ಒಂದೇ ಬೆಳಿಗ್ಗೆ ನೂರ ಹನ್ನೆರಡು ದನಗಳಿಗೆ ಅವನು ಸೂಜಿ ಹಾಕಿದ್ದ. ಮದ್ದಿನಿಂದ ನಾಲ್ಕಾರು ದಿನ ಜ್ವರ ಬರುತ್ತದೆ, ಹದಿನೈದು ದಿನ ನೊಗಕ್ಕೆ ಹೂಡಬೇಡಿ ಎಂದು ಮೂರು ಸಲ ಹೇಳಿದ್ದ. ಆರನೆಯ ದಿನದಿಂದ ದನಗಳು ಬೀಳತೊಡಗಿದವು. ಹತ್ತು ದಿನಗಳಲ್ಲಿ ಒಂಬತ್ತು ಸತ್ತವು. ರೋಗ ಇನ್ನೂ ಆ ಊರಿಗೆ ಕಾಲಿಟ್ಟಿರಲಿಲ್ಲ. ಹಾಗಾದರೆ ಕೊಂದಿದ್ದು ಏನು?

ಮದ್ದು ಕಲಸಿದ ಲೆಕ್ಕವನ್ನು ಅವನು ರಿಜಿಸ್ಟರಿನ ಹಿಂಬದಿಯಲ್ಲಿ ಮತ್ತೆ ಮತ್ತೆ ಹಾಕಿ ನೋಡಿದ. ಪ್ರತಿ ಸಲವೂ ಸರಿಯಾಗಿಯೇ ಬಂತು. ತಪ್ಪು ಸಿಕ್ಕಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು, ಅದನ್ನು ಹಿಡಿದುಕೊಂಡು ಅಳಬಹುದಿತ್ತು. ತಪ್ಪು ಸಿಗದೆ ಹೋದುದರಿಂದ ಅವನ ಅನುಮಾನ ಎಲ್ಲದರ ಮೇಲೂ ಹರಡಿತು. ಸೂಜಿಯ ಮೇಲೆ, ನೀರಿನ ಮೇಲೆ, ಕೊನೆಗೆ ತನ್ನ ಕೈಯ ಮೇಲೆ. ಈಗ ಸಿರಿಂಜು ಹಿಡಿದರೆ ಸಾಕು, ಬಲಗೈ ನಡುಗುತ್ತಿತ್ತು.

ಮೇಜಿನ ಮೇಲೆ ಒಂದು ಕಾಗದವಿತ್ತು. ದೇಹಸ್ಥಿತಿ ಸರಿಯಿಲ್ಲದ ಕಾರಣ ಕೆಲಸ ಬಿಡಲು ಅಪ್ಪಣೆಯಾಗಬೇಕು ಎಂಬ ಅರ್ಜಿ. ಅವನು ಅದನ್ನು ಮಡಿಸಿ ಲಕೋಟೆಗೆ ಹಾಕಿದ.

“ಮೂರು ಗಂಟೆ ಬಸ್ಸಿಗೆ ಕೊಟ್ಟುಬಿಡಿ.”

ಮುನಿಶಾಮಪ್ಪ ಲಕೋಟೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡ. “ಅದೇ ಬಸ್ಸಿನಾಗೆ ಐಸ್ ಪೆಟ್ಗೆ ಕಳಿಸ್ಬೇಕಲ್ಲ ಸ್ವಾಮಿ. ಖಾಲಿ ಪೆಟ್ಗೆ ಹೋದ್ರೇನೆ ನಾಳೆ ಬೆಳಿಗ್ಗೆ ಮದ್ದು ಬರೋದು. ಕೆಂಚೇಪಲ್ಲಿ ಮೇಲಿನಟ್ಟಿ ದನಕ್ಕೆ ಇನ್ನೂ ಸೂಜಿ ಹಾಕಿಲ್ಲ. ರೋಗ ಪಕ್ಕದೂರಿಗೆ ಬಂದೈತೆ ಅಂತವ್ರೆ.”

“ಪೆಟ್ಟಿಗೆ ಇರಲಿ. ಬೇರೆ ಡಾಕ್ಟರು ಬರ್ತಾರೆ.”

“ಯಾವಾಗ? ದನ ಎಲ್ಲಾ ಹೋದ್ಮೇಲೆ ಚರ್ಮ ಎಣಿಸೋಕಾ?”

ಅಷ್ಟರಲ್ಲಿ ಜಗಲಿಯ ಮೇಲೆ ಯಾರೋ ಬುಟ್ಟಿ ಇಳಿಸಿದ ಸದ್ದಾಯಿತು.

ಬಂದವಳು ಕೆಂಚೇಪಲ್ಲಿಯ ದೊಡ್ಡಮುನಿಯಮ್ಮ. ಅರವತ್ತು ದಾಟಿದ ಹೆಂಗಸು, ಆರು ಮೈಲಿ ನಡೆದು ಬಂದಿದ್ದಳು. ಸತ್ತ ಒಂಬತ್ತರಲ್ಲಿ ಎರಡು ಅವಳ ಮನೆಯ ಎತ್ತುಗಳು. ಈ ಗಳಿಗೆ ಬಂದೇ ಬರುತ್ತದೆಂದು ರಾಮಕೃಷ್ಣಪ್ಪನಿಗೆ ಗೊತ್ತಿತ್ತು. ಬೈಯಲಿ, ಮಣ್ಣು ತೂರಲಿ ಎಂದುಕೊಂಡು ಹೊರಗೆ ಬಂದು ನಿಂತ.

“ಕೂತ್ಕಳಪ್ಪ,” ಎಂದಳು ಅವಳು. ಸೆರಗಿನಿಂದ ಬೆವರು ಒರೆಸಿಕೊಂಡು ಬುಟ್ಟಿಯ ಬಟ್ಟೆ ಬಿಚ್ಚಿದಳು. ಮುತ್ತುಗದ ಎಲೆಯಲ್ಲಿ ಸುತ್ತಿದ ಎರಡು ರಾಗಿಮುದ್ದೆ, ಬಾಯಿಗೆ ಎಲೆ ಕಟ್ಟಿದ ಕುಡಿಕೆಯಲ್ಲಿ ಹುರುಳಿ ಸಾರು. “ಮಾತಾಡ್ಸ್ಕೊಂಡು ಹೋಗಾನ ಅಂತ ಬಂದೆ.”

ಅವನಿಗೆ ಅರ್ಥವಾಗಲಿಲ್ಲ. ಮುನಿಶಾಮಪ್ಪ ತಟ್ಟನೆ ಅರ್ಥಮಾಡಿಕೊಂಡು ಕಂಬದ ಪಕ್ಕ ಕುಕ್ಕರಗಾಲಲ್ಲಿ ಕೂತ. ಆ ಕಡೆಯ ಹಳ್ಳಿಗಳಲ್ಲಿ ಉಳುವ ಎತ್ತೋ ಕರೆಯುವ ಹಸುವೋ ಸತ್ತರೆ ಆ ದಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಊಟ ತಂದು, ‘ಏನಾಯ್ತು’ ಎಂದು ಒಂದೇ ಮಾತು ಕೇಳಿ ಕೂರುತ್ತಾರೆ. ಮನೆಯವರು ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ಹಾಗೆ ಮಾಡಬೇಕಿತ್ತು, ಹೀಗೆ ಮಾಡಬೇಕಿತ್ತು ಎಂದು ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಅದೇ ಮಾತಾಡಿಸುವುದು.

“ನನ್ನನ್ನೇಕಮ್ಮ ಮಾತಾಡಿಸೋದು? ದನ ಕಳಕೊಂಡವರು ನೀವು.”

“ಊರಾಗೆ ಎಲ್ಲಾರ ಮನೆಗೂ ಹೋಗ್ಬಂದ್ವಿ. ಒಬ್ಬೊಬ್ರ ಮನ್ಯಾಗೆ ಒಂದು, ನಂ ಮನ್ಯಾಗೆ ಎರಡು. ನಿಮ್ಮನ್ಯಾಗೆ ಒಂಬತ್ತು. ಒಂಬತ್ತು ಸತ್ತ ಮನೆಗೆ ಯಾರೂ ಹೋಗ್ಲಿಲ್ವಲ್ಲ ಅಂತ ನಿನ್ನೆ ನೆಪ್ಪಾಯ್ತು.” ಎಲೆಯನ್ನು ಅವನ ಮುಂದೆ ಸರಿಸಿದಳು. “ಏನಾಯ್ತಪ್ಪ?”

ಮೊದಲು ಅವನು ಮೇಲಧಿಕಾರಿಗೆ ವರದಿ ಒಪ್ಪಿಸುವವನಂತೆ ಹೇಳತೊಡಗಿದ. ಮದ್ದು, ಅಳತೆ, ಜ್ವರ ಎಷ್ಟು ಡಿಗ್ರಿ. ಅವಳಿಗೆ ಅದೊಂದೂ ತಿಳಿಯುವಂತಿರಲಿಲ್ಲ, ಆದರೆ ಕದಲದೆ ಕೇಳಿದಳು. ಅವಳು ಕೇಳುತ್ತಿದ್ದ ರೀತಿಯಿಂದಲೋ ಏನೋ, ಮಾತು ತಾನಾಗಿ ಬೇರೆ ದಾರಿ ಹಿಡಿಯಿತು. ಮೂರನೆಯದು ಸತ್ತ ದಿನ ದಾರಿಯಲ್ಲಿ ಸೈಕಲ್ಲು ನಿಲ್ಲಿಸಿ ಬೇಲಿಯ ಮರೆಯಲ್ಲಿ ಕಕ್ಕಿಕೊಂಡದ್ದು. ಊರಿನ ಬಾವಿಯ ಬಳಿ ಹೆಂಗಸರು ತನ್ನನ್ನು ಕಂಡು ಮಾತು ನಿಲ್ಲಿಸಿದ್ದು. ಕೊನೆಗೆ, ಯಾರಿಗೂ ಹೇಳದಿದ್ದ ಒಂದು ಸಂಗತಿ: “ನಿಮ್ಮ ಮಚ್ಚೆ ಎತ್ತು ಇತ್ತಲ್ಲಮ್ಮ. ಪ್ರಾಣ ಹೋಗೋ ಹೊತ್ತಲ್ಲಿ ನನ್ನ ಕೈ ನೆಕ್ಕಿತು. ಸೂಜಿ ಹಾಕಿದ್ದೂ ಇದೇ ಕೈ.”

ಅವನು ತೋಳಿನಲ್ಲಿ ಮುಖ ಒತ್ತಿಕೊಂಡು ಅತ್ತ. ದೊಡ್ಡಮುನಿಯಮ್ಮ ಸಮಾಧಾನ ಹೇಳಲಿಲ್ಲ. ಕುಡಿಕೆಯ ಬಾಯಿಗೆ ಕಟ್ಟಿದ ಎಲೆ ಬಿಚ್ಚಿ, ಸಾರನ್ನು ಅವನ ಕೈಗೆಟುಕುವಂತೆ ಇಟ್ಟು, ಮುನಿಶಾಮಪ್ಪನ ಕಡೆ ತಿರುಗಿದಳು.

“ಏನ್ಲಾ ಮುನಿಶಾಮಿ, ದನದ ನಾಲ್ಗೆ ಎಳ್ದು ಎಳ್ದು ನೋಡ್ತೀರ. ನಿಮ್ ಡಾಕ್ಟ್ರ ನಾಲ್ಗೆ ಒಂದ್ಸಲ ನೋಡಾಕಾಗ್ಲಿಲ್ವೇನ್ಲಾ? ಹೆಂಗ್ ಒಣಗ್ಬುಟ್ಟವ್ರೆ ನೋಡು.”

“ಕಚ್ಚಿಗಿಚ್ಚಿಬುಟ್ರೆ ಅಂತ ಭಯ ಕಣಕ್ಕ,” ಎಂದ ಮುನಿಶಾಮಪ್ಪ.

ರಾಮಕೃಷ್ಣಪ್ಪನಿಗೆ ಅಳುವಿನ ನಡುವೆಯೇ ನಗು ಬಂತು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿದ. ಎರಡನೆಯ ತುತ್ತಿಗೆ ಹಸಿವು ಎಚ್ಚೆತ್ತಿತು.

ಅವನು ಉಣ್ಣುವುದನ್ನು ನೋಡುತ್ತ ಅವಳು ತನ್ನ ಸರದಿಯ ಮಾತು ತೆಗೆದಳು. “ಈಗ ನಮ್ದೂ ಕೇಳಪ್ಪ. ಊರೋರು ಹೇಳ್ಬೇಡ ಅಂದವ್ರೆ. ನೀವು ತಾಲ್ಲೂಕಿಗೆ ಬರ್ದುಬುಟ್ಟೀರ ಅಂತ ಅವ್ರಿಗೆ ಭಯ. ಸೂಜಿ ಹಾಕಿದ ನಾಕನೇ ದಿನಕ್ಕೆ ಮಳೆ ಬಿತ್ತಲ್ಲ, ನನ್ಮಗ ಕದಿರಪ್ಪ ಮಾರನೇ ದಿನವೇ ಎತ್ತು ಹೂಡ್ಬುಟ್ಟ. ಅವನೊಬ್ನೇ ಅಲ್ಲ. ಭರಣಿ ಮಳೆ ಬಿದ್ಮೇಲೆ ಎತ್ತು ಕಟ್ಟಾಕ್ಕೊಂಡು ಕೂತ್ರೆ ಹೆಂಗಪ್ಪ? ಮೈ ಸುಡ್ತಿತ್ತು ಅಂತ ಅವ್ನಿಗೂ ಗೊತ್ತಿತ್ತು. ಈಗ ಅವ್ನೂ ಉಣ್ಣಾಕಿಲ್ಲ, ಮಾತೂ ಆಡಾಕಿಲ್ಲ.”

ರಾಮಕೃಷ್ಣಪ್ಪ ಎಂಜಲು ಕೈಯಲ್ಲೇ ಎದ್ದು ಒಳಗೆ ಹೋದ. ಎಡಗೈಯಲ್ಲಿ ರಿಜಿಸ್ಟರು ತಂದು, ಸತ್ತ ಎತ್ತುಗಳನ್ನು ಕೊಯ್ದು ನೋಡಿ ಬರೆದಿದ್ದ ಪುಟ ತೆಗೆದ. ಅವನದೇ ದುಂಡು ಅಕ್ಷರ: ‘ಗೊರಸಿನ ಸಂದಿಯಲ್ಲಿ ಒಣಗಿದ ಕೆಮ್ಮಣ್ಣು.’ ಮುಂದಿನ ಪುಟದಲ್ಲೂ ಅದೇ. ಕಂಡಿದ್ದನ್ನೆಲ್ಲ ಬರೆದಿದ್ದ, ಒಂದು ಚುಕ್ಕೆ ಬಿಟ್ಟಿರಲಿಲ್ಲ. ಆದರೆ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ಎತ್ತಿನ ಗೊರಸಿಗೆ ಹೊಲದ ಮಣ್ಣು ಹೇಗೆ ಬಂತೆಂದು ಕೇಳಿರಲಿಲ್ಲ. ದಾರಿಯ ಎರಡೂ ಬದಿ ಹೊಸದಾಗಿ ಉತ್ತ ಹೊಲಗಳ ನಡುವೆಯೇ ಸೈಕಲ್ಲು ತುಳಿದು ಬಂದಿದ್ದ. ಎತ್ತಿನ ಹೊಟ್ಟೆ ಸೀಳಿ ನೋಡಿದವನು ಪಕ್ಕದ ಹೊಲ ನೋಡಿರಲಿಲ್ಲ.

ಒಂದು ಕ್ಷಣ ಸಿಟ್ಟು ಉಕ್ಕಿತು. ಮೂರು ಸಲ ಹೇಳಿದ್ದೆನಲ್ಲ! ಆಮೇಲೆ, ಅಷ್ಟೇ ಬೇಗ, ಹದಿನೈದು ದಿನ ಎಂಬ ಮಾತು ತನಗೇ ಬೇರೆಯಾಗಿ ಕೇಳಿಸಿತು. ಪುಸ್ತಕದ ಪ್ರಕಾರ ಅದು ಸರಿ. ಆದರೆ ಆ ಪುಸ್ತಕಕ್ಕೆ ಭರಣಿ ಮಳೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು, ಅವನೂ ಬೇಸಾಯದ ಮನೆಯವನೇ.

“ಸತ್ತ ಎತ್ತುಗಳೆಲ್ಲ ಉತ್ತವೇನಮ್ಮ?”

“ಏಳೂ ಉತ್ತವೇ. ಇನ್ನೊಂದು ಪಾಪಮ್ಮನ ಮುದಿ ಹಸ, ಒಂದು ಕಡಸು. ಅವೆರಡು ಯಾಕೆ ಹೋದ್ವೋ ನಂಗೆ ಗೊತ್ತಿಲ್ಲ ಕಣಪ್ಪ. ಸುಳ್ಳು ಹೇಳಾಕಿಲ್ಲ.”

ಅವಳು ಹಾಗೆ ಹೇಳಿದ್ದೇ ಒಳ್ಳೆಯದಾಯಿತು. ಒಂಬತ್ತೂ ನಮ್ಮ ತಪ್ಪೇ ಎಂದಿದ್ದರೆ ಅವನು ನಂಬುತ್ತಿರಲಿಲ್ಲ. ಆ ಎರಡು ಅವನ ಪಾಲಿಗೆ ಉಳಿದವು. ನೂರ ಹನ್ನೆರಡರಲ್ಲಿ ಎರಡು. ಭಾರವೇ, ಆದರೆ ಹೊತ್ತು ನಡೆಯಬಹುದಾದ ಭಾರ.

ದೂರದಲ್ಲಿ ಬಸ್ಸಿನ ಸದ್ದು ಕೇಳಿಸಿತು. ಯುದ್ಧ ಮುಗಿದು ಒಂಬತ್ತು ತಿಂಗಳಾಗಿದ್ದರೂ ಪೆಟ್ರೋಲು ಸಿಗದೆ ಅದಿನ್ನೂ ಇದ್ದಿಲ ಗ್ಯಾಸಿನಲ್ಲೇ ಓಡುತ್ತಿತ್ತು. ಏರುದಾರಿಯಲ್ಲಿ ಕೆಮ್ಮುತ್ತ ಕೆಮ್ಮುತ್ತ ಹತ್ತಿ ಬಂತು. ಮುನಿಶಾಮಪ್ಪ ಎದ್ದು ನಿಂತ. ಒಂದು ಕೈಯಲ್ಲಿ ಲಕೋಟೆ. ಇನ್ನೊಂದು ಕೈಯಲ್ಲಿ, ಯಾವಾಗ ತಂದಿಟ್ಟುಕೊಂಡಿದ್ದನೋ, ಖಾಲಿ ಐಸ್ ಪೆಟ್ಟಿಗೆ.

“ಯಾವ್ದು ಸ್ವಾಮಿ?”

ರಾಮಕೃಷ್ಣಪ್ಪ ತನ್ನ ಬಲಗೈ ನೋಡಿಕೊಂಡ. ಹುರುಳಿ ಸಾರು ಮೊಣಕೈಗೆ ಇಳಿಯುತ್ತಿತ್ತು. ಕೈ ಸ್ವಲ್ಪ ನಡುಗುತ್ತಲೂ ಇತ್ತು.

“ಪೆಟ್ಟಿಗೆ,” ಎಂದ.

ಮುನಿಶಾಮಪ್ಪ ಲಕೋಟೆಯನ್ನು ಜಗಲಿಯ ಮೇಲಿಟ್ಟು ಓಡಿದ. ಅದು ಗಾಳಿಗೆ ಹಾರದಿರಲೆಂದು ದೊಡ್ಡಮುನಿಯಮ್ಮ ಅದರ ಮೇಲೆ ಸಾರಿನ ಕುಡಿಕೆ ಇಟ್ಟಳು. ಏನು ಕಾಗದ ಎಂದು ಕೇಳಲಿಲ್ಲ.

“ಮೇಲಿನಟ್ಟಿಯಲ್ಲಿ ಉಳುಮೆ ಮುಗಿಸಿದವರು ಯಾರ್‍ಯಾರು?” ಅವನು ಕೇಳಿದ. “ಅವರ ಎತ್ತಿಗೆ ನಾಳೆ ಹಾಕೋಣ. ಉಳೋದು ಬಾಕಿ ಇರೋರು ಒಟ್ಟಾಗಿ ಒಂದೇ ದಿನದಲ್ಲಿ ಮುಗಿಸಿಕೊಳ್ಳಲಿ, ನಾಡಿದ್ದು ಮತ್ತೆ ಬರ್ತೀನಿ. ಮೊದಲು ನಿಮ್ಮ ಮನೆಗೆ ಬಂದು ಕದಿರಪ್ಪನ ಹತ್ತಿರ ಕೂತಿರ್ತೀನಿ.”

“ಬೈಬೇಡ ಅವ್ನ.”

“ಮಾತಾಡಿಸೋಕೆ ಬರೋದಮ್ಮ.”

ಮರುದಿನ ಬೆಳಿಗ್ಗೆ ಸೂಜಿಗಳನ್ನು ಕುದಿಸಿ, ಗಡಿಯಾರ ನೋಡಿ ದೀಪ ಆರಿಸಿದಾಗ ಇಪ್ಪತ್ತೈದು ನಿಮಿಷವಾಗಿತ್ತು. ಐದು ನಿಮಿಷ ಹೆಚ್ಚು. ಇರಲಿ ಎಂದುಕೊಂಡ. ಸೈಕಲ್ಲಿನ ಕ್ಯಾರಿಯರಿಗೆ ಐಸ್ ಪೆಟ್ಟಿಗೆ ಬಿಗಿದು, ಅದು ಕುಲುಕದಂತೆ ಇಬ್ಬರೂ ಕೆಂಚೇಪಲ್ಲಿಯ ದಾರಿಯಲ್ಲಿ ನಡೆದೇ ಹೊರಟರು. ಅರ್ಧ ದಾರಿಯಲ್ಲಿ, ತಾನು ಅಂದು ಕಕ್ಕಿಕೊಂಡ ಬೇಲಿಯ ಬಳಿ ಬಂದಾಗ ರಾಮಕೃಷ್ಣಪ್ಪನಿಗೆ ಒಂದು ಯೋಚನೆ ಬಂತು. ಆ ದಿನಗಳಲ್ಲೆಲ್ಲ ಎತ್ತಿನ ಕೊಂಬು ಹಿಡಿದು ನಿಂತವನು, ಕೊಯ್ಯುವಾಗ ಕಾಲು ಹಿಡಿದವನು, ಹೂಳಲು ಗುಂಡಿ ತೋಡಿಸಿದವನು ಈ ಮುನಿಶಾಮಪ್ಪನೇ. ಇಪ್ಪತ್ತೆರಡು ವರ್ಷದಿಂದ ಎಷ್ಟು ಡಾಕ್ಟರುಗಳ ಪಕ್ಕದಲ್ಲಿ, ಎಷ್ಟು ದನಗಳ ಸಾವನ್ನು ಕಂಡಿದ್ದಾನೋ.

“ಮುನಿಶಾಮಪ್ಪ, ನಿಮ್ಮನ್ನ ಯಾರಾದ್ರೂ ಮಾತಾಡಿಸಿದ್ರಾ?”

“ನನ್ನಾ?” ಮುನಿಶಾಮಪ್ಪ ನಕ್ಕ. “ಕಾಂಪೌಂಡರ್‌ನ ಯಾರ್ ಮಾತಾಡಿಸ್ತಾರೆ ಸ್ವಾಮಿ? ಹಿಡ್ಕೊಳೋದು, ಬಿಡೋದು, ಅಷ್ಟೇಯ ನಮ್ ಕೆಲ್ಸ.”

ಹತ್ತು ಹೆಜ್ಜೆ ನಡೆದರು. ಸೈಕಲ್ಲಿನ ಚಕ್ರ ಟಿಕ್ ಟಿಕ್ ಎನ್ನುತ್ತಿತ್ತು.

“ಏನಾಯ್ತು?” ಎಂದ ರಾಮಕೃಷ್ಣಪ್ಪ.

ಮುನಿಶಾಮಪ್ಪನ ನಗು ಮೆಲ್ಲಗೆ ಇಳಿಯಿತು. ಹೆಗಲ ಮೇಲಿನ ವಸ್ತ್ರ ತೆಗೆದು ಸುಮ್ಮನೆ ಕೈಯಲ್ಲಿ ಸುತ್ತಿಕೊಂಡ.

“ಆ ಸತ್ತ ಕಡಸು ಇತ್ತಲ್ಲ ಸ್ವಾಮಿ,” ಎಂದು ಶುರುಮಾಡಿದ, “ನಮ್ಮನ್ಯಾಗೂ ಅಂಥದ್ದೇ ಒಂದಿತ್ತು...”

ರಾಮಕೃಷ್ಣಪ್ಪ ಸೈಕಲ್ಲನ್ನು ಇನ್ನಷ್ಟು ನಿಧಾನವಾಗಿ ತಳ್ಳಿದ. ನಡುವೆ ಬಾಯಿ ಹಾಕಲಿಲ್ಲ.