ಔರಾದದಿಂದ ಬಂದ ಲ್ಯಾಪ್‌ಟಾಪ್

ಭಾಲ್ಕಿಯ ಕೋರ್ಟ್ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಸಪನಾಳ ಹಳೆಯ ಕಂಪ್ಯೂಟರ್ ದಿನಕ್ಕೆ ನಾಲ್ಕು ಸಲ ನಿಲ್ಲುತ್ತಿತ್ತು. ಕೊನೆಗೆ ಅವಳು, ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದಾದ ಲಿನಕ್ಸ್ ಎಂಬ, ಕಂಪ್ಯೂಟರ್ ನಡೆಸುವ ತಂತ್ರಾಂಶ ಹಾಕಿಕೊಂಡಳು. ಯಂತ್ರ ಚುರುಕಾಯಿತು, ಆದರೆ ಮುದ್ರಿಸಿದಾಗ ಒತ್ತಕ್ಷರಗಳು ಚೆದುರಿದವು. ಆನ್‌ಲೈನ್ ಲಿನಕ್ಸ್ ಬಳಕೆದಾರರ ಗುಂಪೊಂದರಲ್ಲಿ ಕೇಳಿದಳು. ಉತ್ತರ ಬರೆದವರು ಔರಾದದ ಕಾಲೇಜೊಂದರ ಲ್ಯಾಬ್ ಸಹಾಯಕ ಕುತುಬೋದ್ದೀನ.

“ಭಾಲ್ಕ್ಯಾಗೂ ಒಬ್ರು ಅದಾರಂದ್ರ ಖುಷಿ ಆಯ್ತ್ರಿ. ಹತ್ತು ವರ್ಷದಿಂದ ಜಿಲ್ಲಾದಾಗ ನಾ ಒಬ್ಬನೇ ಅಂತ ತಿಳ್ಕೊಂಡಿದ್ದೆ.”

ಫಾಂಟ್ ಸರಿಮಾಡುವುದರಿಂದ ಹಿಡಿದು ಮರೆತ ಪಾಸ್‌ವರ್ಡ್ ಬದಲಿಸುವವರೆಗೆ ಎಲ್ಲವನ್ನೂ ಅವರು ಬರೆದು ಬರೆದೇ ಕಲಿಸಿದರು. ಫೋನಿನಲ್ಲಿ ಮಾತಾಡಿದ್ದಿಲ್ಲ. ಎಂಟು ತಿಂಗಳಲ್ಲಿ ಕಮಲನಗರ, ಬೀದರಗಳಿಂದ ಇನ್ನೂ ಮೂವರು ಸಿಕ್ಕರು. ಒಂದು ಭಾನುವಾರ ಬೀದರದ ಚಹಾ ಹೋಟೆಲಿನಲ್ಲಿ ಎಲ್ಲರೂ ಸೇರುವುದೆಂದು ಕುತುಬೋದ್ದೀನರೇ ಗೊತ್ತುಮಾಡಿದರು.

ಸಪನಾ ಸೇರಿ ಉಳಿದ ನಾಲ್ವರೂ ಬಂದರು. ಅವರೇ ಬರಲಿಲ್ಲ. ಮಧ್ಯಾಹ್ನದವರೆಗೆ ಕಾದು ಬೇಸತ್ತ ಸಪನಾ, “ಕರದವ್ರೇ ಬರಲಿಲ್ಲಂದ್ರ ಹ್ಯಾಂಗ್ರಿ? ನಮ್ಮ ಹೊತ್ತಿಗೆ ಬೆಲಿ ಇಲ್ಲೇನ್ರಿ?” ಎಂದು ಗುಂಪಿನಲ್ಲೇ ಅವರಿಗೆ ಬರೆದು ಕಳಿಸಿದಳು.

ತಿಂಗಳಾದ ಮೇಲೆ ನಡುವಯಸ್ಸಿನ ಹೆಂಗಸೊಬ್ಬರು ಲ್ಯಾಪ್‌ಟಾಪ್ ಚೀಲ ಎದೆಗವಚಿಕೊಂಡು ಅಂಗಡಿಗೆ ಬಂದರು.

“ನಾ ಖತೀಜಾ ಬೇಗಂ, ಕುತುಬೋದ್ದೀನರ ಹೆಂಡ್ತಿ. ನೀವೆಲ್ಲಾ ಕೂಡೋದಿತ್ತಲ್ಲ ತಂಗಿ, ಅದರ ಹಿಂದಿನ ದಿನಾ ಎದಿ ನೋವಂದ್ರು. ಬೀದರ ದವಾಖಾನಿ ಮುಟ್ಟೋದ್ರಾಗ ಹೋದ್ರು.”

ಸಪನಾ ಎದ್ದು ಅವರನ್ನು ಬೆಂಚಿನ ಮೇಲೆ ಕೂಡಿಸಿದಳು.

“ಅವರ ಡೈರ್ಯಾಗ ನಿಮ್ಮ ಹೆಸರು, ಅಂಗಡಿ ವಿಳಾಸ ಇತ್ತು. ಇದರ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಬ್ಯಾರೆ ಅಂಗಡ್ಯಾವ್ರು ಎಲ್ಲಾ ಅಳಿಸಿ ಹೊಸಾದು ಹಾಕಬೇಕಂತಾರ. ಒಳಗಿಂದು ಒಂದೂ ಹೋಗಬಾರ್ದು ನೋಡ್ರಿ.”

ಕುತುಬೋದ್ದೀನರೇ ಕಲಿಸಿದ್ದ ಬಗೆಯಲ್ಲಿ ಸಪನಾ ಪಾಸ್‌ವರ್ಡ್ ಬದಲಿಸಿದಳು. ಇಂಟರ್ನೆಟ್ ಸಿಕ್ಕೊಡನೆ ಗುಂಪಿನ ಪುಟ ತೆರೆಯಿತು. ಅವರಿಗೆ ಬಂದವುಗಳಲ್ಲಿ ಎಲ್ಲಕ್ಕಿಂತ ಮೇಲೆ, ಓದದೇ ಉಳಿದಿದ್ದ ಅವಳದೇ ಸಂದೇಶ.

“ಇದು ನಾ ಬರದದ್ದು, ಆಪಾ. ನನಗ ಗೊತ್ತಿರಲಿಲ್ರಿ.”

ಖತೀಜಾ ನಿಧಾನವಾಗಿ ಓದಿದರು. “ಗೊತ್ತಿದ್ರ ಹ್ಯಾಂಗ ಬರೀತಿದ್ರಿ. ಇರ್ಲಿ ಬಿಡ್ರಿ.”

‘ಬೀದರ ಭಾನುವಾರ’ ಎಂಬ ಫೋಲ್ಡರಿನಲ್ಲಿ ಒಂದು ಧ್ವನಿಮುದ್ರಣವಿತ್ತು. ಸಪನಾ ಹಚ್ಚಿದಳು. “ನಮಸ್ಕಾರ್ರಿ. ನಾ ಕುತುಬೋದ್ದೀನ, ಔರಾದದಾಂವ…” ಕೆಮ್ಮು. ಮತ್ತೆ ಮೊದಲಿನಿಂದ. ಅವಳು ಅಂದುಕೊಂಡಿದ್ದಕ್ಕಿಂತ ತೆಳುವಾದ, ಅಂಜುವ ದನಿ.

“ಮನ್ಯಾಗ ದಿನಕ್ಕ ಎರಡು ಮಾತು ಆಡ್ತಿದ್ದಿಲ್ಲ,” ಎಂದರು ಖತೀಜಾ. “ನಿಮ್ಮ ಮುಂದ ಮಾತಾಡ್ಲಿಕ್ಕ ಇಷ್ಟು ತಯಾರಿ ಮಾಡ್ಯಾರ.” ಸೆರಗಿನಿಂದ ಮುಖ ಮುಚ್ಚಿಕೊಂಡರು.

ಸಪನಾ ಅದನ್ನು ಅವರ ಫೋನಿಗೂ ಹಾಕಿಕೊಟ್ಟಳು. ಔರಾದದ ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಬೆಂಚಿನ ಮೇಲೆ ಕೂತು ಇನ್ನೊಮ್ಮೆ ಕೇಳಿದರು.